ತೊಂಬತ್ತೊಂಬತ್ತು ತಾಸು ಹತ್ತು ನಿಮಿಷ

ಡಾಲಸ್

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿ ಏನೇನು ನೋಡಿದೆವೆಂದು ವಾರಗಟ್ಟಲೆ ಹೇಳುತ್ತಾರೆ. ನಾನು ಐದು ವಾರ ಟೆಕ್ಸಸ್‌ನಲ್ಲಿದ್ದು ಮುಖ್ಯವಾಗಿ ನೋಡಿದ್ದು ದವಾಖಾನೆಗಳಲ್ಲಿ ರೋಗಿಗಳು ಕಾಯುವ ಕೋಣೆಗಳನ್ನು. ಮೂವತ್ತೆರಡು ವರ್ಷ ಸರಕಾರಿ ದವಾಖಾನೆಯಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಿಯಾದವಳು, ಏಳು ಸಮುದ್ರ ದಾಟಿ ಹೋಗಿ ಮತ್ತೆ ದವಾಖಾನೆಯಲ್ಲೇ ಕೂತಳು ಎಂದು ನಗುವವರು ನಗಲಿ. ನನ್ನ ಹಣೆಯಲ್ಲಿ ಬರೆದದ್ದೇ ಅಷ್ಟು.

ಇದು 2016ರ ಬೇಸಿಗೆಯ ಮಾತು. ನನ್ನ ತಂಗಿ ಶೈಲಾ ಡಾಲಸ್‌ನಲ್ಲಿದ್ದಾಳೆ. ಅವಳಿಗೆ ಒಬ್ಬಳೇ ಮಗಳು, ನಂದಿತಾ. ನಾನು ಅವಳನ್ನು ನಂದು ಎಂದು ಕರೆಯುತ್ತೇನೆ. ನನಗೆ ಮಕ್ಕಳಿಲ್ಲ, ಹೀಗಾಗಿ ಹಾಗೆ ಕರೆಯುವುದರಲ್ಲಿ ನನ್ನದೊಂದು ಸ್ವಾರ್ಥವೂ ಇದೆ.

ನಂದು ಆಸ್ಟಿನ್‌ನಲ್ಲಿ ಡಿಗ್ರಿ ಓದುತ್ತಿದ್ದಳು. ಮುಂದೆ ಡಾಕ್ಟರಾಗಬೇಕೆಂಬುದು ಅವಳ ಆಸೆ. ನಮ್ಮಲ್ಲಿ ಅಂಕ ಇದ್ದರೆ ಸೀಟು ಸಿಗುತ್ತದೆ. ಅಲ್ಲಿ ಅಂಕದ ಜೊತೆಗೆ, ಎಷ್ಟು ತಾಸು ಡಾಕ್ಟರ ಹಿಂದೆ ನಿಂತು ಅವರ ಕೆಲಸ ನೋಡಿದ್ದೀಯ ಎಂದೂ ಅರ್ಜಿಯಲ್ಲಿ ಕೇಳುತ್ತಾರೆ. ಇದಕ್ಕೆ ಶ್ಯಾಡೋಯಿಂಗ್ ಎನ್ನುತ್ತಾರೆ, ಅಂದರೆ ನೆರಳಾಗುವುದು. ನೆರಳು ರೋಗಿಯನ್ನು ಮುಟ್ಟುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ, ಒಳಗೆ ನೋಡಿದ್ದನ್ನು ಹೊರಗೆ ಹೇಳುವಂತಿಲ್ಲ. ನನ್ನ ಇಡೀ ನೌಕರಿ ಹಾಗೇ ಕಳೆದಿದೆ, ಆದರೆ ಅದಕ್ಕೊಂದು ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ.

ನೂರು ತಾಸು ಮಾಡಬೇಕೆಂದು ನಂದು ತಾನೇ ಗೊತ್ತು ಮಾಡಿಕೊಂಡಿದ್ದಳು. ಐವತ್ತೆಂಟು ಆಗಿತ್ತು. ಅರ್ಜಿ ಹಾಕಲು ಉಳಿದದ್ದು ಎರಡೇ ವಾರ. ಹತ್ತಾರು ಡಾಕ್ಟರಿಗೆ ಪತ್ರ ಬರೆದು ಬೇಡಿಕೊಂಡ ಮೇಲೆ ಹ್ಯೂಸ್ಟನ್ ಕಡೆ ಒಬ್ಬರು, ಆಸ್ಟಿನ್ ಕಡೆ ಒಬ್ಬರು ಬಾ ಎಂದಿದ್ದರು. ಪ್ರತಿ ತಾಸನ್ನೂ ಅವಳು ಒಂದು ಕರಿ ನೋಟ್‌ಬುಕ್ಕಿನಲ್ಲಿ ಬರೆದು, ಅದರ ಮುಂದೆ ಡಾಕ್ಟರ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಊಟದ ವೇಳೆಯನ್ನು ಕಳೆಯುತ್ತಿದ್ದಳು, ಡಾಕ್ಟರು ಫೋನಿನಲ್ಲಿ ಮಾತಾಡಿದ ವೇಳೆಯನ್ನೂ ಕಳೆಯುತ್ತಿದ್ದಳು.

"ಊಟದ ಹೊತ್ತಿನ್ಯಾಗ ನೀ ಏನ್ ಮನೀಗೆ ಬಂದಿದ್ದೇನು? ಅದನ್ನ ಯಾಕ ಕಳೀತಿ?" ಎಂದು ಕೇಳಿದೆ.

"ಬಿಕಾಸ್ ಐ ವಾಸ್ ಈಟಿಂಗ್, ದೊಡ್ಡವ್ವ" ಎಂದಳು.

ನಂದು ನಮ್ಮ ಮಾತನ್ನು ತಿಳಿಯುತ್ತಾಳೆ, ಉತ್ತರ ಮಾತ್ರ ಇಂಗ್ಲಿಷ್. ಅವಳಿಗೆ ಬರುವ ಕನ್ನಡವೆಲ್ಲ ತಾಯಿಯ ಬೈಗುಳದಿಂದ ಕಲಿತದ್ದು. ಆರು ವರ್ಷದವಳಿದ್ದಾಗ ಏನೋ ಹಟ ಮಾಡಿದ್ದಕ್ಕೆ ಶೈಲಾ, "ಸುಮ್ಮನ ನನ್ನ ಹೊಟ್ಟಿ ಉರಸಬ್ಯಾಡ" ಎಂದು ಕೂಗಿದಳಂತೆ. ಕೂಸು ಓಡಿಹೋಗಿ ಹೊಟ್ಟೆನೋವಿನ ಗುಲಾಬಿ ಬಣ್ಣದ ಔಷಧಿ ಬಾಟಲಿ, ಚಮಚೆ ತಂದು ಎದುರಿಗೆ ನಿಂತಿತಂತೆ. ಆ ಕತೆಯನ್ನು ಶೈಲಾ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ. ಅವತ್ತೇ ನನ್ನ ಮಗಳು ಡಾಕ್ಟರಾದಳು ಎನ್ನುತ್ತಾಳೆ.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಒಂದು ಶನಿವಾರ ಶೈಲಾಳ ಮನೆಗೆ ನಮ್ಮ ಕಡೆಯ ಡಾಕ್ಟರೊಬ್ಬರು ಊಟಕ್ಕೆ ಬಂದಿದ್ದರು. ನಂದು ಸೋಮವಾರ, ಮಂಗಳವಾರ ಅವರ ಕ್ಲಿನಿಕ್ಕಿಗೆ ಹೋಗುವುದೆಂದು ಮಾತಾಗಿತ್ತು. ಜೋಳದ ರೊಟ್ಟಿ, ಎಣಗಾಯಿ ಬಡಿಸುತ್ತ ನಾನು, "ಹುಡುಗಿ ಭಾಳ ಓಡ್ಯಾಡಾಕತ್ತಾಳ್ರಿ ಸಾಹೇಬ್ರ. ನೀವು ದೊಡ್ಡ ಮನಸು ಮಾಡಿ ಒಂದ್ ನಲವತ್ತು ತಾಸು ಅಂತ ಬರದ್ ಕೊಟ್ಟುಬಿಡ್ರಿ" ಎಂದೆ.

"ಅದಕ್ಕೇನ್ರಿ ಅಕ್ಕಾರ, ಬರದ್ರಾತು" ಎಂದರು ಅವರು. ರೊಟ್ಟಿ ಅಷ್ಟು ಮೆತ್ತಗಾಗಿತ್ತು.

ನನಗೆ ಅದು ತಪ್ಪು ಎಂದು ಹೊಳೆಯಲೇ ಇಲ್ಲ. ನಮ್ಮ ದವಾಖಾನೆಯಲ್ಲಿ ಜ್ವರ ಇಲ್ಲದವರಿಗೂ ರಜೆಯ ಸರ್ಟಿಫಿಕೇಟು ಬರೆದುಕೊಟ್ಟದ್ದನ್ನು ಕಂಡವಳು ನಾನು. ಒಂದು ಸಹಿಗೆ ಇವಳ ಮುಂದಿನ ಬಾಳು ಹಸನಾಗುವುದಾದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ.

ಹ್ಯೂಸ್ಟನ್ ರಸ್ತೆ

ಬುಧವಾರ ಬೆಳಿಗ್ಗೆ ನಾವಿಬ್ಬರೇ ಕಾರಿನಲ್ಲಿ ಹೊರಟೆವು. ಮಗಳು ಒಬ್ಬಳೇ ಅಷ್ಟು ದೂರ ಡ್ರೈವ್ ಮಾಡುವುದು ಬೇಡವೆಂದು ಅವಳ ಅಪ್ಪ ನನ್ನನ್ನು ಜೊತೆ ಮಾಡಿದ್ದ. ನನಗೆ ಸೈಕಲ್ಲೂ ಬರುವುದಿಲ್ಲ. ಪಕ್ಕದಲ್ಲಿ ಎಚ್ಚರವಾಗಿ ಕೂತಿರುವುದಷ್ಟೇ ನನ್ನ ಕೆಲಸ. ನೆರಳಿಗೊಂದು ನೆರಳು ಎಂದು ನಾನು ತಮಾಷೆ ಮಾಡಿದೆ, ನಂದು ನಗಲಿಲ್ಲ.

ರಸ್ತೆಯೋ, ಎಷ್ಟು ಹೋದರೂ ಅದೇ ರಸ್ತೆ. ನಮ್ಮ ಕಡೆ ಇಷ್ಟು ದೂರ ಹೋದರೆ ನಾಲ್ಕು ಊರು, ಹತ್ತು ಎಮ್ಮೆ, ಒಂದು ಮದುವೆ ದಿಬ್ಬಣವಾದರೂ ಅಡ್ಡ ಬರುತ್ತವೆ. ಕೊನೆಗೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಳು. ಬಂಕ್ ಎಂದೆನೇ? ನಮ್ಮ ಊರಿನ ಬಸ್‌ಸ್ಟ್ಯಾಂಡ್, ಸಂತೆ ಎರಡೂ ಅದರೊಳಗೆ ಹಿಡಿಸುತ್ತವೆ. ಬಾಗಿಲು ಹಿಡಿದು ನಿಂತ ಎತ್ತರದ ಮನುಷ್ಯ ನನಗೆ "ಹೌ ಆರ್ ಯು, ಮ್ಯಾಮ್" ಎಂದ. ಮೊಣಕಾಲು ಹಿಡಿದಿದೆಯೆಂದು ಹೇಳಬೇಕೆನ್ನುವಷ್ಟರಲ್ಲಿ ಹೊರಟೇಹೋದ. ಆ ದೇಶದಲ್ಲಿ ಹೇಗಿದ್ದೀರಿ ಎಂದು ಎಲ್ಲರೂ ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವವರು ಕಡಿಮೆ.

ಕಾರಿಗೆ ಮರಳಿದ ಮೇಲೆ ನಂದು ನೋಟ್‌ಬುಕ್ ತೆಗೆದು ನನ್ನ ತೊಡೆಯ ಮೇಲಿಟ್ಟಳು. ಡಾಕ್ಟರು ನಲವತ್ತು ಎಂದು ಬರೆದು ಸಹಿ ಮಾಡಿದ್ದರು. ಅದನ್ನು ಅಡ್ಡಗೀಟು ಹಾಕಿ ಹೊಡೆದು, ಪಕ್ಕದಲ್ಲಿ ನಂದು ಹದಿನಾಲ್ಕು ಎಂದು ಬರೆದಿದ್ದಳು.

"ನೀವು ಕೇಳಿದ್ರಾ, ದೊಡ್ಡವ್ವ?" ಎಂದು ಕನ್ನಡದಲ್ಲೇ ಕೇಳಿದಳು. ಬಹಳ ನೋವಾದಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ.

"ನಿನ್ನ ಸಲುವಾಗೇ ಕೇಳಿದ್ನಿ" ಎಂದೆ.

"ಆ ಇಪ್ಪತ್ತಾರು ಅವರ್ಸ್‌ನಲ್ಲಿ ಏನು ನೋಡಿದೆ ಅಂತ ಇಂಟರ್ವ್ಯೂನಲ್ಲಿ ಕೇಳಿದ್ರೆ ನಾನು ಏನು ಹೇಳ್ಲಿ?" ಎಂದವಳೇ ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅತ್ತುಬಿಟ್ಟಳು.

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ ಬಂತು. ರಾತ್ರಿಪಾಳಿಯಲ್ಲಿ ಗಂಟೆಗೊಮ್ಮೆ ರೋಗಿಯ ನಾಡಿ ನೋಡಿ ಬರೆಯಬೇಕಾದಾಗ, ನೋಡದೇ ಬರೆದ ಹುಡುಗಿಯರನ್ನು ಇದೇ ಬಾಯಿಂದ ಬೈದವಳು ನಾನು. ರೋಗಿಯ ಹಾಳೆಯಲ್ಲಿ ಸುಳ್ಳು ಬರೆಯಬಾರದೆಂದು ಗೊತ್ತಿದ್ದವಳಿಗೆ ತಂಗಿಯ ಮಗಳ ಹಾಳೆ ಬೇರೆಯಾಗಿ ಕಂಡಿತ್ತು. ಅವಳ ಬೆನ್ನ ಮೇಲೆ ಕೈಯಿಟ್ಟೆ, ಅವಳು ಕೈಯನ್ನು ಸರಿಸಲಿಲ್ಲ.

ಫುಲ್‌ಶೀರ್

ಹ್ಯೂಸ್ಟನ್‌ನ ಪಶ್ಚಿಮಕ್ಕೆ, ಕೇಟಿ ಎಂಬ ಊರು ದಾಟಿದ ಮೇಲೆ ಫುಲ್‌ಶೀರ್. ಶೈಲಾಳ ಗೆಳತಿಯ ಮನೆ ಅಲ್ಲಿ ಹೊಸ ಬಡಾವಣೆಯಲ್ಲಿತ್ತು. ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರೆದಂತಿದ್ದವು. ಸಂಜೆ ಅಡ್ಡಾಡಲು ಹೋದ ನಾನು ಬೇರೆಯವರ ಮನೆಯ ಬಾಗಿಲು ಬಡಿದು, "ಬಾಗಿಲ ತಗೀಯವ್ವ" ಎಂದು ಕೂಗಿದೆ. ಬಾಗಿಲು ತೆಗೆದ ಅಮೆರಿಕದ ಮುದುಕಿ ನನ್ನನ್ನು ಗುರುತಿಸಿದವಳಂತೆ ನಕ್ಕು, ಎದುರಿನ ಸಾಲಿಗೆ ಬೆರಳು ತೋರಿಸಿದಳು. ಅಲ್ಲಿ ದಾರಿ ತಪ್ಪುವ ದೊಡ್ಡವ್ವಂದಿರು ನಾನೊಬ್ಬಳೇ ಅಲ್ಲವೆಂದು ಕಾಣುತ್ತದೆ.

ಕ್ಲಿನಿಕ್ಕಿನಲ್ಲಿ ನನಗೆ ಬಹಳ ಆಶ್ಚರ್ಯವಾದ ಸಂಗತಿಯೊಂದಿದೆ. ನಮ್ಮಲ್ಲಿ ಡಾಕ್ಟರು ಒಳಗೆ ಕೂತಿರುತ್ತಾರೆ, ರೋಗಿಗಳು ಬಾಗಿಲ ಹೊರಗೆ ಒಬ್ಬರ ಮೇಲೊಬ್ಬರು ಬಿದ್ದಿರುತ್ತಾರೆ. ಅಲ್ಲಿ ರೋಗಿ ಒಳಗೆ ಕೂತಿರುತ್ತಾನೆ, ಡಾಕ್ಟರೇ ಬಂದು ಬಾಗಿಲು ಬಡಿದು, ಒಳಗೆ ಬರಲೇ ಎಂದು ಕೇಳುತ್ತಾರೆ. ನಂದು ಇದನ್ನು ಹೇಳಿದಾಗ ನಾನು ಮೊದಲು ನಂಬಲೇ ಇಲ್ಲ.

ಎರಡನೆಯ ದಿನ ನಾನು ಸ್ವೆಟರ್ ಹಾಕಿಕೊಂಡು ಕಾಯುವ ಕೋಣೆಯಲ್ಲಿ ಕೂತಿದ್ದೆ. ಹೊರಗೆ ಬೆಂಕಿ ಬಿಸಿಲು, ಒಳಗೆ ಎ.ಸಿ. ಅಂದರೆ ಸಣ್ಣ ಹಿಮಾಲಯ. ನರ್ಸಮ್ಮನೊಬ್ಬಳು ಬಾಗಿಲಿಗೆ ಬಂದು "ಶಾನಾ?" ಎಂದಳು. ನನ್ನ ಹೆಸರು ಶಾಂತಾ, ಹಾಗೆಂದಂತೆಯೇ ಕೇಳಿಸಿತು. ನಂದು ಹೇಳಿಕಳಿಸಿರಬೇಕೆಂದು ಎದ್ದು ಹೋದೆ. ತೂಕದ ಯಂತ್ರದ ಮೇಲೆ ನಿಲ್ಲಿಸಿದಳು, ನಿಂತೆ. ಕೈಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ದೊಡ್ಡ ದೇಶ, ಜೊತೆಗೆ ಬಂದವರನ್ನೂ ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಾರಲ್ಲ ಎಂದುಕೊಂಡೆ. ಆಮೇಲೆ ಹುಟ್ಟಿದ ದಿನ ಕೇಳಿದಳು. ಹೇಳಿದೆ. ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು. ಶಾನಾ ಎಂಬವಳಿಗೆ ಇಪ್ಪತ್ತೊಂಬತ್ತು ವರ್ಷವಂತೆ.

ಅಷ್ಟರಲ್ಲಿ ಡಾಕ್ಟರ ಹಿಂದೆ ಬರುತ್ತಿದ್ದ ನಂದು, ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಕೂತ ನನ್ನನ್ನು ಕಂಡಳು. ನೆರಳು ನಗುವಂತಿಲ್ಲವಲ್ಲ, ತುಟಿ ಕಚ್ಚಿಕೊಂಡು ಕೆಂಪಗಾದಳು. ಸಂಜೆ ಕಾರಿನಲ್ಲಿ ಕೂತ ಕೂಡಲೇ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ದೊಡ್ಡವ್ವ, ಯು ಆರ್ ಟ್ವೆಂಟಿ ನೈನ್!"

"ಬಿ.ಪಿ. ಮಾತ್ರ ಅರವತ್ತರದು" ಎಂದೆ. ಡಾಲಸ್‌ನ ನಲವತ್ತು ತಾಸಿನ ಮುನಿಸು ಅಲ್ಲಿಗೆ ಮುಗಿಯಿತು. ಫುಲ್‌ಶೀರ್‌ನಲ್ಲಿ ಹದಿನೈದೂವರೆ ತಾಸಾಯಿತು, ಒಟ್ಟು ಎಂಬತ್ತೇಳೂವರೆ. ನಾನು ಬೆರಳ ಗೆಣ್ಣಿನ ಮೇಲೆ ಎಣಿಸಿ ನೋಡಿದೆ, ಅವಳ ಲೆಕ್ಕ ಸರಿಯಿತ್ತು.

ರೌಂಡ್ ರಾಕ್

ಆಸ್ಟಿನ್‌ನ ಉತ್ತರಕ್ಕಿರುವ ರೌಂಡ್ ರಾಕ್‌ನಲ್ಲಿ ಡಾಕ್ಟರಮ್ಮ ಎರಡೇ ದಿನ ಬರಲು ಹೇಳಿದ್ದರು, ಮರುದಿನ ಅವರು ರಜೆಯ ಮೇಲೆ ಹೊರಡುವವರು. ಮೊದಲ ದಿನ ಏಳು ತಾಸಾಯಿತು. ಎರಡನೆಯ ದಿನ ಐದೂವರೆ ಆದರೆ ಸರಿಯಾಗಿ ನೂರು. ನಂದು ಬೆಳಿಗ್ಗೆ ತಿಂಡಿಯನ್ನೂ ಸರಿಯಾಗಿ ತಿನ್ನಲಿಲ್ಲ.

ಅವತ್ತು ಕಾಯುವ ಕೋಣೆಗೆ ನೂಲಿನ ಸೀರೆ, ಕ್ಯಾನ್ವಾಸ್ ಬೂಟು, ಹಣೆ ತುಂಬ ವಿಭೂತಿಯ ಹೆಂಗಸೊಬ್ಬರು ಬಂದು ಕೂತರು. ಸೊಸೆ ಅವರನ್ನು ಬಿಟ್ಟು, ಮೊಮ್ಮಗನನ್ನು ಶಾಲೆಯಿಂದ ತರಲು ಹೋದಳು. ನಾವು ಒಬ್ಬರನ್ನೊಬ್ಬರು ನೋಡಿದೆವು.

"ಯಾವೂರಾತ್ರಿ ನಿಮ್ದು?" ಎಂದರು ಅವರು.

ನಾನು ಗದಗ ಎಂದೆ. ಅವರದು ಗಜೇಂದ್ರಗಡದ ಕಡೆ. ಇನ್ನೇನು ಬೇಕು? ನನ್ನ ತಂಗಿಯ ಮಗಳು ಒಳಗೆ ಡಾಕ್ಟರ ಜೊತೆ ಇದ್ದಾಳೆಂದು ಹೇಳಿದೆ. ಅವರ ಹೆಸರನ್ನು ಇಲ್ಲಿ ಗಂಗವ್ವ ಎಂದು ಬದಲಿಸಿದ್ದೇನೆ. ಮಕ್ಕಳೆಷ್ಟು ಎಂದು ಕೇಳಿದರು, ಇಲ್ಲ ಎಂದೆ. ಅವರು ನನ್ನ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. ಅಷ್ಟರಲ್ಲಿ ಅವರನ್ನು ಒಳಗೆ ಕರೆದರು.

ಅವರು ಹೊರಬಂದಾಗ ಒಂದೂಕಾಲು ತಾಸಾಗಿತ್ತು. ಕಣ್ಣು ಕೆಂಪಾಗಿದ್ದವು, ಮುಖ ಮಾತ್ರ ತೊಳೆದಿಟ್ಟಂತಿತ್ತು. ಒಳಗಿನದನ್ನು ಹೊರಗೆ ಹೇಳಬಾರದೆಂಬ ನಿಯಮ ನಂದುವಿಗೆ ಇತ್ತು, ಗಂಗವ್ವನಿಗೆ ಇರಲಿಲ್ಲ. ಅವರು ನನ್ನ ಪಕ್ಕ ಕೂತು ಎಲ್ಲವನ್ನೂ ಹೇಳಿದರು. ನಾನು ಮುಂದೆ ಇದನ್ನು ಬರೆಯಲೇ ಎಂದು ಕೇಳಿದಾಗ, ಬರೀರಿ, ಊರಾಗ ಓದ್ಲಿ ಎಂದರು.

"ಒಳಗ ಫೋನಿನ್ಯಾಗ ಒಬ್ಬ ತಮ್ಮ ಕನ್ನಡ ಮಾತಾಡ್ತಾನ್ರಿ, ನಾವು ಅಂದದ್ದನ್ನ ಡಾಕ್ಟರಿಗೆ ಇಂಗ್ಲೀಷಿನ್ಯಾಗ ಹೇಳ್ತಾನ. ಬೆಂಗಳೂರು ಕಡ್ಯಾವ ಇರ್ಬೇಕು, ಭಾಳ ಸಂಭಾವಿತ. ಏನ್ ತೊಂದರೆ ಅಮ್ಮ ಅಂದ. ಹೊಟ್ಟಿ ಉರಿತೈತಪಾ ಅಂದೆ. ಡಾಕ್ಟರ್‌ಬಾಯಿ ಹೊಟ್ಟಿ ಒತ್ತಿ ನೋಡಿದ್ಲು, ಖಾರ ತಿಂತೀರೇನು ಅಂತ ಕೇಳಿದ್ಲು. ಹ್ವಾದ ಸಲಾನೂ ಇದಾ ಆತು. ಗುಳಿಗಿ ನುಂಗಿ ನುಂಗಿ ಸಾಕಾಗೇತಿ."

"ಆಮ್ಯಾಲೆ?"

"ಆಮ್ಯಾಲೆ ಮೂಲ್ಯಾಗ ನಿಂತ ನಿಮ್ಮ ಹುಡುಗಿ ಡಾಕ್ಟರಿಗೆ ಏನೋ ಕೇಳಿದ್ಲು. ಆಕಿ ಹೂಂ ಅಂದ್ಲು. ಹುಡುಗಿ ನನ್ನ ಮುಂದ ಬಂದು ಕುಂತು, ಅಜ್ಜಿ, ನಿಮ್ಮ ಹೊಟ್ಟಿ ಯಾರು ಉರಸಿದ್ರು, ಅಂತ ಕೇಳಿದ್ಲರೀ."

ಹೊಟ್ಟೆ ಯಾರು ಉರಿಸಿದರು! ಅದು ಶೈಲಾಳ ಬೈಗುಳದ ಕನ್ನಡ. ಆ ಮನೆಯಲ್ಲಿ ಬೆಳೆದ ಮಗುವಿಗೆ ಮಾತ್ರ, ಹೊಟ್ಟೆ ತಾನಾಗಿ ಉರಿಯುವುದಿಲ್ಲ, ಯಾರಾದರೂ ಉರಿಸಿರಬೇಕು ಎಂದು ಗೊತ್ತಿರುತ್ತದೆ.

ಗಂಗವ್ವನ ತಂಗಿ ಊರಿನಲ್ಲಿ ತೀರಿಕೊಂಡಿದ್ದಳು. ಇಲ್ಲಿ ಮಗ ಆ ಸುದ್ದಿಯನ್ನು ಹನ್ನೆರಡು ದಿನ ಮುಚ್ಚಿಟ್ಟಿದ್ದ. ತಾಯಿಗೆ ಏನಾದರೂ ಆದೀತೆಂಬ ಹೆದರಿಕೆ ಅವನಿಗೆ.

"ಮಣ್ಣಿಗೆ ಹೋಗಲಿಲ್ಲ, ಕಡೀಗೊಮ್ಮೆ ಆಕಿ ಮಾರಿ ನೋಡಲಿಲ್ಲ. ಮಗನ ಮುಂದ ಅಳಾಕ ಆಗೂದಿಲ್ರಿ, ತನ್ನಿಂದ ತಪ್ಪಾತು ಅಂತ ಅಂವ ಕೊರಗ್ತಾನ. ಅದಕ್ಕ ಹೊಟ್ಟಿ ಉರಿತೈತಿ ಅಂತೀನಿ, ಅಂವ ಗುಳಿಗಿ ತರ್ತಾನ. ಇವತ್ತು ಆ ಹುಡುಗಿ ಹಂಗ ಕೇಳಿದ ಕೂಡ್ಲೆ ನನಗ ತಡೀಲಿಕ್ಕೆ ಆಗಲಿಲ್ಲ."

ಡಾಕ್ಟರಮ್ಮ ಸ್ವಲ್ಪ ಹೊತ್ತು ಕೂತು ಕೇಳಿದರಂತೆ. ಬೇರೆ ಕೋಣೆಯಲ್ಲಿ ರೋಗಿಗಳು ಕಾಯುತ್ತಿದ್ದರು. ನೀನು ಇವರ ಜೊತೆ ಇರು ಎಂದು ನಂದುವಿಗೆ ಹೇಳಿ ಹೋದರಂತೆ. ಐವತ್ತು ನಿಮಿಷ ಗಂಗವ್ವ ತಂಗಿಯ ಸುದ್ದಿ ಹೇಳಿದರು: ಇಬ್ಬರೂ ಒಂದೇ ಜಡೆಬಿಲ್ಲೆಗೆ ಜಗಳಾಡಿದ್ದು, ತಂಗಿ ಹುಣಸೆಕಾಯಿ ಕದ್ದು ತಂದು ಮೊದಲು ಇವರಿಗೇ ಕೊಡುತ್ತಿದ್ದದ್ದು. ಅರ್ಧ ಮಾತು ನಂದುವಿಗೆ ತಿಳಿದಿರಲಿಕ್ಕಿಲ್ಲ. ಅವಳು ಕೈ ಹಿಡಿದು ಕೇಳಿದಳಂತೆ.

"ಏಳೂ ಮುಂದ, ನಿನ್ನ ಹೊಟ್ಟಿ ತಣ್ಣಗಿರ್ಲಿ, ನನ್ನವ್ವಾ, ಅಂತ ಹರಸಿ ಬಂದೆ" ಎಂದು ಗಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡರು.

ಆ ಹರಕೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಅದು ದೊಡ್ಡವರು ಸಣ್ಣವರಿಗೆ ಹೇಳುವ ಮಾತು. ಅಲ್ಲಿ ಹೊಟ್ಟೆ ಎಂದರೆ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳು. ಮದುವೆಯಾದ ಹೊಸತರಲ್ಲಿ ನನಗೂ ಎಲ್ಲರೂ ಹಾಗೆ ಅನ್ನುತ್ತಿದ್ದರು. ಹತ್ತು ವರ್ಷವಾದ ಮೇಲೆ ನಿಲ್ಲಿಸಿದರು, ನನಗೆ ಬೇಸರವಾದೀತೆಂದು.

ಸೊಸೆ ಬಂದು ಗಂಗವ್ವನನ್ನು ಕರೆದುಕೊಂಡು ಹೋದಳು. ಮೂವತ್ತೆರಡು ವರ್ಷದಲ್ಲಿ ಹೊಟ್ಟೆ ಉರಿಯುತ್ತದೆ ಎಂದು ಎಷ್ಟು ಹೆಂಗಸರು ನನ್ನ ಮುಂದೆ ಬಂದು ನಿಂತಿದ್ದಾರೋ. ಎಲ್ಲರ ಕೈಗೂ ಬಿಳಿ ಗುಳಿಗೆ ಹಾಕಿ, ಮುಂದಿನವರು ಬರ್ರಿ ಎಂದಿದ್ದೇನೆ. ಅವರ ಭಾಷೆ ನನಗೆ ಚೆನ್ನಾಗಿಯೇ ಬರುತ್ತಿತ್ತು, ಆದರೂ ಒಬ್ಬರನ್ನೂ ಯಾರು ಉರಿಸಿದರು ಎಂದು ಕೇಳಲಿಲ್ಲ.

ದ ಡೊಮೇನ್

ಸಂಜೆ ನಂದು ನನ್ನನ್ನು ಡೊಮೇನ್ ಎಂಬ ಪೇಟೆಗೆ ಕರೆದೊಯ್ದಳು. ಕೆಳಗೆ ಅಂಗಡಿ, ಮೇಲೆ ಆಫೀಸು. ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ನಾಯಿಗಳನ್ನು ಅಡ್ಡಾಡಿಸುತ್ತಿದ್ದರು. ಆ ನಾಯಿಗಳು ಒಮ್ಮೆಯೂ ಬೊಗಳುವುದಿಲ್ಲ, ನಮ್ಮ ಓಣಿಯ ನಾಯಿಗಳು ಕಂಡರೆ ಮರ್ಯಾದೆ ಕೊಡಲಿಕ್ಕಿಲ್ಲ. ಐಸ್‌ಕ್ರೀಮ್ ಹಿಡಿದು ಒಂದು ಕಟ್ಟೆಯ ಮೇಲೆ ಕೂತೆವು. ನಂದು ನೋಟ್‌ಬುಕ್ ತೆಗೆದಳು. ಡಾಕ್ಟರಮ್ಮ ಐದೂವರೆ ಎಂದು ಬರೆದು ಸಹಿ ಮಾಡಿದ್ದರು. ನೂರು ತುಂಬಿತೆಂದು ನನಗೆ ಹಿಗ್ಗಾಯಿತು.

ನಂದು ಪೆನ್ನು ತೆಗೆದು ಅದರಲ್ಲಿ ಐವತ್ತು ನಿಮಿಷ ಕಳೆದಳು. ಕೆಳಗೆ ತೊಂಬತ್ತೊಂಬತ್ತು ತಾಸು ಹತ್ತು ನಿಮಿಷ ಎಂದು ಬರೆದಳು.

"ಯಾಕ?" ಎಂದೆ, ಯಾಕೆಂದು ಗೊತ್ತಿದ್ದರೂ.

"ಆ ಫಿಫ್ಟಿ ಮಿನಿಟ್ಸ್ ಡಾಕ್ಟರ್ ರೂಮ್‌ನಲ್ಲಿ ಇರ್ಲಿಲ್ಲ. ಐ ವಾಸ್ ನಾಟ್ ಎನಿಬಡೀಸ್ ಶ್ಯಾಡೋ."

ನೆರಳು ಮಾತಾಡಿದ್ದಕ್ಕೆ ಡಾಕ್ಟರಮ್ಮ ಸಿಟ್ಟಾದರೇ ಎಂದು ಕೇಳಿದೆ. ಬಾಯಿ ತೆಗೆಯುವ ಮುಂಚೆ, ಇವತ್ತೇ ಹೊರಗೆ ಕಳಿಸುತ್ತಾರೆ ಎಂದುಕೊಂಡಿದ್ದಳಂತೆ. ಹೊರಡುವಾಗ ಅವರು, ನಿನಗೆ ಬೇಕಾದರೆ ಶಿಫಾರಸು ಪತ್ರ ಬರೆದುಕೊಡುತ್ತೇನೆ ಎಂದಷ್ಟೇ ಹೇಳಿದರಂತೆ. ಒಳಗೆ ಏನು ನಡೆಯಿತೆಂದು ನಂದು ಹೇಳಲಿಲ್ಲ, ನನಗೆ ಗೊತ್ತೆಂದು ನಾನೂ ಹೇಳಲಿಲ್ಲ.

ಅರ್ಜಿಯಲ್ಲಿ ಅವಳು ತೊಂಬತ್ತೊಂಬತ್ತು ಎಂದೇ ಬರೆದಳು. ಅದಕ್ಕಾಗಿ ಯಾರೂ ಅವಳನ್ನು ಬಾಗಿಲಿಂದ ತಿರುಗಿಸಲಿಲ್ಲ, ಮರುವರ್ಷ ಹ್ಯೂಸ್ಟನ್‌ನಲ್ಲಿ ಸೀಟು ಸಿಕ್ಕಿತು. ಆದರೆ ಅವತ್ತು ಆ ಕಟ್ಟೆಯ ಮೇಲೆ ನಮಗದು ಗೊತ್ತಿರಲಿಲ್ಲ. ನೂರಕ್ಕೆ ಐವತ್ತು ನಿಮಿಷ ಕಡಿಮೆಯಾದ ಸಂಖ್ಯೆಯನ್ನು ನೋಡುತ್ತ ಅವಳು ಕೂತಿದ್ದಳು, ಅವಳನ್ನು ನೋಡುತ್ತ ನಾನು ಕೂತಿದ್ದೆ. ಈ ಸಲ ಲೆಕ್ಕದ ಬಗ್ಗೆ ನಾನು ಜಗಳ ತೆಗೆಯಲಿಲ್ಲ.

"ದೊಡ್ಡವ್ವ," ಎಂದಳು ಸ್ವಲ್ಪ ಹೊತ್ತಿನ ಮೇಲೆ, "ಹೊಟ್ಟಿ ತಣ್ಣಗ ಅಂದ್ರೆ ಕೋಲ್ಡ್ ಸ್ಟಮಕ್? ಈಸ್ ದಟ್ ಗುಡ್?"

"ಭಾಳ ಚಲೋ ಮಾತದು. ನಮಗ ಬೇಕಾದವರಿಗೆ ಅಂತೀವಿ" ಎಂದೆ. ಮಕ್ಕಳ ವಿಷಯ ಹೇಳಲಿಲ್ಲ. ಸಣ್ಣವರು ದೊಡ್ಡವರಿಗೆ ಅನ್ನುವುದಿಲ್ಲ ಎಂದು ಹೇಳಲು ಮರೆತೆ.

ಮತ್ತೆ ಡಾಲಸ್, ವಿಮಾನ ನಿಲ್ದಾಣ

ಹೊರಡುವ ದಿನ ಶೈಲಾ ನನ್ನ ಪೆಟ್ಟಿಗೆಯನ್ನು ನಾಲ್ಕು ಸಲ ತೂಕ ಮಾಡಿದಳು. ಬಾದಾಮಿ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಬಾಯಿ ತೆರೆದರೆ ಅಳು ಬರುತ್ತದೆಂದು ಬಾದಾಮಿಯೊಡನೆ ಜಗಳಾಡುತ್ತಿದ್ದಳು. ತಂಗಿಯ ಮುಖವನ್ನು ನಾನು ಆ ದಿನ ನೋಡಿದಷ್ಟು ಹಿಂದೆಂದೂ ನೋಡಿರಲಿಲ್ಲ. ಗಂಗವ್ವನ ಮಾತು ಕಿವಿಯಲ್ಲೇ ಇತ್ತು.

ತಪಾಸಣೆಯ ಸಾಲಿನ ಮುಂದೆ ನಿಂತಾಗ ನಂದು ಬಂದು ತಬ್ಬಿಕೊಂಡಳು. ನನಗಿಂತ ಒಂದು ಗೇಣು ಎತ್ತರದವಳು, ಬಗ್ಗಿ ನನ್ನ ಹೆಗಲ ಮೇಲೆ ಗದ್ದವಿಟ್ಟಳು. ಆಮೇಲೆ ನೇರ ನಿಂತು, ಪಾಠ ಒಪ್ಪಿಸುವ ಹುಡುಗಿಯಂತೆ, ತಾನು ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

"ನಿನ್ನ ಹೊಟ್ಟಿ ತಣ್ಣಗಿರ್ಲಿ, ನನ್ನವ್ವಾ."

ಶೈಲಾ ಗಾಬರಿಯಾಗಿ, "ಏ ಹುಚ್ಚಿ, ದೊಡ್ಡವರಿಗೆ ಹಂಗ ಅನಬಾರದು, ಅದೂ ದೊಡ್ಡವ್ವಗ..." ಎಂದು ತಿದ್ದಲು ಹೋದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

"ಹೂಂ, ನಂದು" ಎಂದೆ.